ನಾಯಕರ ವರ್ಚಸ್ಸಿನ ಅಧ್ಯಯನಕ್ಕೆ ತಜ್ಞರನ್ನು ಕೂಡಿಸಿದ ಬಗೆ: ನನ್ನ ಅನುಭವ

ವಿದೇಶಿ ವಿಶ್ವವಿದ್ಯಾಲಯವೊಂದರ ಗುಣಾತ್ಮಕ ಅಧ್ಯಯನಕ್ಕಾಗಿ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಮೂವತ್ತರ ಆಸುಪಾಸು ತಜ್ಞರನ್ನು ಹುಡುಕಿ, ಅದೂ ರಾಜಕೀಯ ನಾಯಕರ ವರ್ಚಸ್ಸಿನಂಥ ವಿಷಯದ ಮೇಲೆ, ಒಂದೂವರೆ ಗಂಟೆಯ ಧ್ವನಿಮುದ್ರಣಕ್ಕೆ ಕೂರಿಸುವುದು ಆಗದ ಮಾತು ಎಂದು ಸಮೀಕ್ಷೆ, ಸಂದರ್ಶನಗಳಿಗೆ ಜನರನ್ನು ಕೂಡಿಸುವ ಬೆಂಗಳೂರಿನ ಇಬ್ಬರು ಮೂವರು ಹಿರಿಯ ಫೀಲ್ಡ್ ಮ್ಯಾನೇಜರುಗಳು ನನಗೆ ಮೊದಲೇ ಹೇಳಿದ್ದರು. ಅವರು ಬಳಸುವ ವಿಧಾನದಿಂದ ಅದು ನಿಜಕ್ಕೂ ಆಗುವಂಥದ್ದಲ್ಲ. ಕೆಲಸ ಮುಗಿದು, ಕೊನೆಯ ಕಂತಿನ ಹಣ ಬಂದು, ವಿಶ್ವವಿದ್ಯಾಲಯದ ಅದೇ ತಂಡ ಎರಡನೆಯ ಸುತ್ತನ್ನೂ ನನಗೇ ಒಪ್ಪಿಸಿದ ಮೇಲೆ ಅವರಲ್ಲೇ ಒಬ್ಬರು ಫೋನ್ ಮಾಡಿ ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದಕ್ಕಿಂತ ತುಸು ಹೆಚ್ಚನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಕ್ರೀನರ್ (ಯಾರನ್ನು ಸೇರಿಸಬಹುದು ಎಂಬ ಅರ್ಹತೆಯ ಪಟ್ಟಿ), ಕೋಟಾ (ಯಾವ ಬಗೆಯವರು ಎಷ್ಟು ಜನ ಬೇಕೆಂಬ ಲೆಕ್ಕ), ಸ್ನೋಬಾಲ್ (ಒಬ್ಬರಿಂದ ಇನ್ನೊಬ್ಬರ ಹೆಸರು ಪಡೆಯುತ್ತ ಹೋಗುವುದು) ಇವನ್ನು ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಈ ಕೆಲಸ ಮಾಡುವವರಿಗೆ ಅವು ಗೊತ್ತೇ ಇರುತ್ತವೆ.

ಅಧಿಕಾರ ಹೋದ ಮೇಲೆ, ಅಥವಾ ಕಾಲವಾದ ಮೇಲೆ, ಒಬ್ಬ ನಾಯಕನ ಹೆಸರು ಜನರಲ್ಲಿ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದು ಅಧ್ಯಯನದ ಪ್ರಶ್ನೆಯಾಗಿತ್ತು. ಹಲವು ದೇಶಗಳಲ್ಲಿ ಏಕಕಾಲಕ್ಕೆ ನಡೆದ ಈ ಅಧ್ಯಯನದಲ್ಲಿ ಪ್ರತಿ ದೇಶಕ್ಕೂ ರಾಜಧಾನಿಯಿಂದ ದೂರದ ಒಂದು ಸೀಮೆಯನ್ನು ಆರಿಸಿಕೊಳ್ಳಲಾಗಿತ್ತು, ಭಾರತದಲ್ಲಿ ಅದು ನಮ್ಮ ಭಾಗವಾಯಿತು. ಅವರು ಕಳುಹಿಸಿದ ನಾಯಕರ ಪಟ್ಟಿಯಲ್ಲಿ ಬದುಕಿರುವವರ ಹೆಸರುಗಳೂ ಇದ್ದವು. ಅವನ್ನು ತೆಗೆಸಿದ್ದು ನಾನು. ಇಂದಿರಾ ಗಾಂಧಿ, ದೇವರಾಜ ಅರಸು, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ ಈ ನಾಲ್ವರು ಉಳಿದರು. ಟಿಕೆಟ್ ಕೊಡುವ, ತಡೆಯುವ ಸ್ಥಾನದಲ್ಲಿ ಈಗಲೂ ಇರುವವರ ಬಗ್ಗೆ ಈ ಊರಿನಲ್ಲಿ ಯಾರೂ ಯಂತ್ರದ ಮುಂದೆ ಮನಬಿಚ್ಚಿ ಮಾತಾಡುವುದಿಲ್ಲ ಎಂಬುದನ್ನು ತಂಡಕ್ಕೆ ಮನವರಿಕೆ ಮಾಡಲು ಮೂರು ನಾಲ್ಕು ಆನ್‌ಲೈನ್ ಸಭೆಗಳೇ ಬೇಕಾದವು, ಆದರೆ ಮುಂದಿನ ಅರ್ಧ ತಲೆನೋವು ಅಲ್ಲಿಯೇ ತಪ್ಪಿತು.

ಅವರ ಸ್ಕ್ರೀನರ್ ಪ್ರಕಾರ ತಜ್ಞ ಎಂದರೆ ಪ್ರಕಟಿತ ಸಂಶೋಧನಾ ಪ್ರಬಂಧಗಳಿರುವ ಪ್ರಾಧ್ಯಾಪಕ, ಅಥವಾ ದೊಡ್ಡ ಪತ್ರಿಕೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಿರಿಯ ಹುದ್ದೆಯಲ್ಲಿದ್ದವನು, ಅಥವಾ ಪಕ್ಷದ ಪದಾಧಿಕಾರಿ. ಈ ಮೂರು ಬಗೆಯವರನ್ನೂ ಮೊದಲ ಹಂತದಲ್ಲಿ ಹುಡುಕಿದೆವು. ಪ್ರಾಧ್ಯಾಪಕರಿಗೆ ಸುಮಾರು ನೂರು ಇ-ಮೇಲ್ ಹೋದವು, ಉತ್ತರ ಬಂದದ್ದು ನಾಲ್ಕೋ ಐದೋ. ಸೇವೆಯಲ್ಲಿರುವ ಸರಕಾರಿ ಕಾಲೇಜಿನ ಅಧ್ಯಾಪಕರು 2021ರ ನಡತೆ ನಿಯಮಗಳನ್ನು ತೋರಿಸಿ ಇಲಾಖೆಯ ಅನುಮತಿ ತನ್ನಿ ಎಂದರು, ಅದು ನ್ಯಾಯವೇ. ಲಿಂಕ್ಡ್‌ಇನ್‌ನಲ್ಲಿ ಸಿಕ್ಕವರು ಬಹುತೇಕ ಚುನಾವಣಾ ತಂತ್ರಗಾರರ ಕಚೇರಿಗಳಲ್ಲಿ ಕೆಲಸ ಮಾಡಿದ ಹುಡುಗರು. ಅರಸು ಅವರ ಕಾಲದ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ಮೊಬೈಲಿನಲ್ಲಿ ಓದಿದ್ದು.

ಪಕ್ಷದ ಪದಾಧಿಕಾರಿಗಳದ್ದು ಇನ್ನೊಂದು ಕಥೆ. ಒಬ್ಬರನ್ನು ಕರೆದರೆ ನಾಲ್ವರು ಬರುತ್ತಿದ್ದರು. ಮಾತಾಡಬೇಕಾದವರು ಸುಮ್ಮನಿದ್ದು ಜೊತೆಗೆ ಬಂದವರೇ ಮಾತಾಡುತ್ತಿದ್ದರು, ಮುಗಿದ ಮೇಲೆ ವಿಡಿಯೊ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಕೊನೆಗೆ ವಿದೇಶಿ ತಂಡದ ಒತ್ತಾಯಕ್ಕೆ ಹಣ ಪಡೆದು ಸಂದರ್ಶನಕ್ಕೆ ಜನರನ್ನು ಒದಗಿಸುವ ಮಹಾನಗರವೊಂದರ ಪ್ಯಾನೆಲ್ ವೆಂಡರ್‌ಗೆ ತಲೆಗೆ ಹನ್ನೆರಡು ಸಾವಿರದಂತೆ ಹತ್ತು ಜನರಿಗೆ ಹಣ ಕಟ್ಟಲಾಯಿತು. ಅವರು ಕಳುಹಿಸಿದ ‘ಹಿರಿಯ ರಾಜಕೀಯ ವಿಶ್ಲೇಷಕ’ರಲ್ಲಿ ಇಬ್ಬರ ಧ್ವನಿ ಒಂದೇ ಎಂಬುದು ಮೊದಲ ಐದು ನಿಮಿಷದಲ್ಲೇ ನನಗೆ ತಿಳಿಯಿತು, ಒಬ್ಬನೇ ಮನುಷ್ಯ ಎರಡು ಹೆಸರು, ಎರಡು ಇ-ಮೇಲ್ ಇಟ್ಟುಕೊಂಡು ಎರಡು ಗೌರವಧನ ಪಡೆಯಲು ಬಂದಿದ್ದ. ಆ ಲಕ್ಷಕ್ಕೂ ಮೇಲಿನ ಮೊತ್ತದಲ್ಲಿ ಅರ್ಧದಷ್ಟು ಇಂದಿಗೂ ವಾಪಸ್ ಬಂದಿಲ್ಲ.

ಇದರ ನಡುವೆ 2024ರ ಲೋಕಸಭಾ ಚುನಾವಣೆ ಬಂತು. ನಮ್ಮ ಮೂರೂ ಜಿಲ್ಲೆಗಳಲ್ಲಿ ಮತದಾನ ಮೇ 7ಕ್ಕಿತ್ತು. ಮಾರ್ಚ್‌ನಿಂದ ಜೂನ್ 4ರ ಎಣಿಕೆಯವರೆಗೆ ನಾನು ಯಾರ ಮನೆಯ ಗೇಟು ಮುಟ್ಟಿದರೂ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ನಿಮ್ಮ ಹಿಂದ ಯಾರ ಅದಾರ್ರಿ?” ಸರ್ವೆಯವರು, ಪಕ್ಷದವರು, ಟೀವಿಯವರು ಎಂದು ಜನ ನನ್ನನ್ನು ಮೂರು ಪೆಟ್ಟಿಗೆಗಳಲ್ಲಿ ಒಂದಕ್ಕೆ ಹಾಕುತ್ತಿದ್ದರು, ವಿಶ್ವವಿದ್ಯಾಲಯದ ಅಧ್ಯಯನ ಎಂಬ ನಾಲ್ಕನೆಯ ಪೆಟ್ಟಿಗೆ ಅವರಲ್ಲಿ ಇರಲಿಲ್ಲ. ಕೆಲಸ ನಿಲ್ಲಿಸಿದೆ. ಆ ವರ್ಷವೇ ಶಿಗ್ಗಾಂವಿ ಉಪಚುನಾವಣೆ ನವೆಂಬರ್ 13ಕ್ಕೆ ನಿಗದಿಯಾದಾಗ ಹಾವೇರಿ ಜಿಲ್ಲೆಯಲ್ಲಿ ಮತ್ತೆ ಒಂದೂವರೆ ತಿಂಗಳು ಕೈಕಟ್ಟಿ ಕುಳಿತೆ. ನೀತಿಸಂಹಿತೆ ಇಂಥ ಸಂದರ್ಶನವನ್ನು ತಡೆಯುವುದಿಲ್ಲ ಎಂದು ತಂಡದವರು ಹೇಳಿದರು. ನಿಯಮ ತಡೆಯುವುದಿಲ್ಲ ನಿಜ, ಆದರೆ ಆ ದಿನಗಳಲ್ಲಿ ಸಿಕ್ಕ ಮಾತನ್ನು ಯಾವ ವರ್ಗದಲ್ಲಿ ಸೇರಿಸಿದರೂ ಅದು ಪ್ರಚಾರವೇ ಆಗಿರುತ್ತದೆ.

ನನ್ನ ವಿಧಾನ ಈ ಬಿಡುವಿನಲ್ಲಿ ರೂಪುಗೊಂಡಿತು. ವರ್ಚಸ್ಸು ಎಂಬುದು ಪ್ರಬಂಧಗಳಲ್ಲಿ ಹುಟ್ಟುವುದಲ್ಲ. ಒಂದು ಘಟನೆ ನಡೆದಾಗ ಅಲ್ಲಿದ್ದವರು ಅದನ್ನು ಹೇಗೆ ಕಂಡರು, ಮಾರನೆಯ ದಿನ ಅದನ್ನು ಊರಿಗೆ ಹೇಗೆ ಹೇಳಿದರು ಎಂಬುದರಲ್ಲಿ ಹುಟ್ಟುತ್ತದೆ. ಹಾಗಾದರೆ ನಾನು ಹುದ್ದೆಯ ಜಾಡು ಬಿಟ್ಟು ಘಟನೆಯ ಜಾಡು ಹಿಡಿಯಬೇಕು. ಒಂದು ಹಾಳೆಯಲ್ಲಿ ಘಟನೆಗಳನ್ನು ಬರೆದುಕೊಂಡೆ: 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಮತ್ತು ಗೇಣಿದಾರರ ಅರ್ಜಿ ತೀರ್ಮಾನಿಸಿದ ಭೂನ್ಯಾಯ ಮಂಡಳಿಗಳು, 1977ರ ಲೋಕಸಭಾ ಚುನಾವಣೆ, 1980ರ ಜುಲೈ ತಿಂಗಳ ನರಗುಂದ-ನವಲಗುಂದ ರೈತ ಬಂಡಾಯ, ಗೋಕಾಕ ಚಳವಳಿ, 1983ರ ಮೊದಲ ಕಾಂಗ್ರೆಸ್ಸೇತರ ಸರಕಾರ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತಿ ಚುನಾವಣೆ, 1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರಕಾರದ ವಜಾ ಮತ್ತು ಅದರ ಬಗ್ಗೆ 1994ರ ಮಾರ್ಚ್ 11ರ ಸುಪ್ರೀಂ ಕೋರ್ಟ್ ತೀರ್ಪು. ಪ್ರತಿ ಘಟನೆಯ ಮುಂದೆ ಒಂದೇ ಪ್ರಶ್ನೆ: ಆ ವಾರ ಕೆಲಸದ ನಿಮಿತ್ತ ಅಲ್ಲಿ ಇರಲೇಬೇಕಾದವರು ಯಾರು? ಉತ್ತರವಾಗಿ ಬಂದವರು ತಾಲೂಕು ವರದಿಗಾರರು, ಅಚ್ಚಿನ ಮೊಳೆ ಜೋಡಿಸುವವರು, ತಲಾಟಿಗಳು (ಗ್ರಾಮ ಲೆಕ್ಕಿಗರು), ಮಂಡಳಿಯ ಗುಮಾಸ್ತರು, ಸ್ಟೆನೋಗಳು, ಸಭೆಗೆ ಮೈಕ್ ಸೆಟ್ ಒದಗಿಸಿದವರು, ಸಹಕಾರಿ ಸಂಘದ ಕಾರ್ಯದರ್ಶಿಗಳು.

ತಂಡಕ್ಕೆ ಇದನ್ನು ಒಪ್ಪಿಸಲು ನೆರವಾದದ್ದು 1977ರ ಫಲಿತಾಂಶ. ಅವರ ಪ್ರಶ್ನಾವಳಿಯಲ್ಲಿ ‘ತುರ್ತುಪರಿಸ್ಥಿತಿಯು ಇಂದಿರಾ ಅವರ ಹೆಸರನ್ನು ಹೇಗೆ ಕೆಡಿಸಿತು’ ಎಂಬ ಸಾಲು ಇತ್ತು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೇ ಬಂದಿದ್ದವು, ಮರುವರ್ಷ ಚಿಕ್ಕಮಗಳೂರು ಇಂದಿರಾ ಅವರನ್ನು ಲೋಕಸಭೆಗೆ ಮರಳಿ ಕಳುಹಿಸಿತ್ತು. ದೆಹಲಿಯ ತಜ್ಞರನ್ನಷ್ಟೇ ಕೇಳಿದರೆ ಈ ಹೆಸರಿನ ಅರ್ಧ ಬದುಕು ಕೈಬಿಡುತ್ತದೆ ಎಂದು ಎರಡು ಪುಟದ ಟಿಪ್ಪಣಿ ಬರೆದು ಕಳುಹಿಸಿದೆ. ಸ್ಕ್ರೀನರ್ ಬದಲಾಯಿತು. ಪ್ರಬಂಧಗಳ ಸಂಖ್ಯೆಯ ಜಾಗದಲ್ಲಿ ‘ಘಟನೆಗೆ ವೃತ್ತಿಯ ನಿಮಿತ್ತ ನೇರ ಸಾಕ್ಷಿ, ಮತ್ತು ಆ ನಂತರ ಕನಿಷ್ಠ ಇಪ್ಪತ್ತು ವರ್ಷ ಅದೇ ಸೀಮೆಯ ರಾಜಕೀಯವನ್ನು ಗಮನಿಸಿದವರು’ ಎಂಬ ಸಾಲು ಸೇರಿತು.

ಇನ್ನು ಇವರನ್ನು ಒಪ್ಪಿಸುವ ಮಾತು. ‘ತಾವು ಹಿರಿಯರು, ತಜ್ಞರು, ತಮ್ಮ ಅಭಿಪ್ರಾಯ ಅಮೂಲ್ಯ’ ಎಂದು ಬರೆದ ಕಾಗದಕ್ಕೆ ನಮ್ಮ ಕಡೆಯ ನಿವೃತ್ತರು ನಕ್ಕು ಸುಮ್ಮನಾಗುತ್ತಾರೆ. ಹೊಗಳಿಕೆಯ ಹಿಂದೆ ಚಂದಾ ಪುಸ್ತಕ ಇರುತ್ತದೆಂಬುದು ಅವರ ಅನುಭವ. ನಾನು ಅಭಿಪ್ರಾಯ ಕೇಳುವುದನ್ನೇ ಬಿಟ್ಟೆ. ಅವರು ಕಂಡ ಘಟನೆಯ ಒಂದು ಪುಟದ ಕಾಲಾನುಕ್ರಮಣಿಕೆಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ನಡುನಡುವೆ ಕೆಲವು ಸಾಲುಗಳನ್ನು ಖಾಲಿ ಬಿಟ್ಟು ಕಳುಹಿಸಿದೆ. ನರಗುಂದದ ಹಾಳೆಯಲ್ಲಿ ಜುಲೈ 21ರ ಬೆಳಗಿನ ಮೆರವಣಿಗೆ ಇದೆ, ಗೋಲಿಬಾರ್ ಇದೆ, ನಡುವಿನ ಗಂಟೆಗಳು ಖಾಲಿ. ಜೊತೆಗೆ ಕೈಯಲ್ಲಿ ಬರೆದ ನಾಲ್ಕು ಸಾಲಿನ ಪತ್ರ ಮತ್ತು ನನ್ನ ವಿಳಾಸವಿರುವ 50 ಪೈಸೆಯ ಒಂದು ಪೋಸ್ಟ್ ಕಾರ್ಡು. ಆ ದಿನ ತಾಲೂಕಿನಲ್ಲಿದ್ದ ಮನುಷ್ಯ ಇಂಥ ಹಾಳೆಯನ್ನು ಮಡಚಿ ಇಡಲಾರ. ಕಾರ್ಡು ಬರೆಯದವರೂ ಪೆನ್ಸಿಲಿನಲ್ಲಿ ತುಂಬಿಟ್ಟುಕೊಂಡು, ನಾನು ಫೋನ್ ಮಾಡಿದ ಕೂಡಲೇ “ಮೂರನೇ ಸಾಲಿನ್ಯಾಗ ಒಂದ್ ಮಾತ್ ಬಿಟ್ಟೀರಿ ನೋಡ್ರಿ” ಎಂದು ಶುರು ಮಾಡುತ್ತಿದ್ದರು.

ಖಾಲಿ ಸಾಲುಗಳನ್ನು ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು ಎಂಬುದರಲ್ಲಿ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ; ಅದು ನನ್ನ ಹೊಟ್ಟೆಪಾಡು. ಬೇಕೆಂದೇ ಒಂದು ತಪ್ಪು ತಾರೀಖು ಸೇರಿಸಿದರೆ ಇನ್ನೂ ಬೇಗ ಪ್ರತಿಕ್ರಿಯೆ ಬರುತ್ತದೆ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು, ಅದನ್ನು ಮಾತ್ರ ನಾನು ಮಾಡಲಿಲ್ಲ. ತಪ್ಪು ಹಾಳೆಯೊಂದು ಈ ಊರಿನಲ್ಲಿ ನಾಲ್ಕು ಕೈ ದಾಟಿದರೆ ಮುಂದಿನ ಹಾಳೆಯನ್ನು ಯಾರೂ ನಂಬುವುದಿಲ್ಲ.

ಅಂಚೆಯ ವಿಷಯದಲ್ಲೂ ಒಂದು ಮಾತು. ಮೊದಲ ಕಂತನ್ನು ರಿಜಿಸ್ಟರ್ ಮಾಡಿ ಕಳುಹಿಸಿದೆವು, ತಲುಪಿದ್ದಕ್ಕೆ ದಾಖಲೆ ಇರಲಿ ಎಂದು. ನಿವೃತ್ತ ನೌಕರನೊಬ್ಬನಿಗೆ ಸಹಿ ಹಾಕಿ ಪಡೆಯಬೇಕಾದ ಲಕೋಟೆ ಬಂದರೆ ಮನೆಯವರೆಲ್ಲ ಕೋರ್ಟ್ ನೋಟಿಸ್ ಎಂದೇ ತಿಳಿಯುತ್ತಾರೆ, ಪಿಂಚಣಿ ತಕರಾರಿರಬೇಕೆಂದು ಹೆದರುತ್ತಾರೆ. ಹಾವೇರಿ ಕಡೆಯ ಒಬ್ಬ ಯಜಮಾನರು ಲಕೋಟೆಯನ್ನು ಒಡೆಯದೆ ನೇರವಾಗಿ ವಕೀಲರಿಗೆ ಒಯ್ದು ಕೊಟ್ಟಿದ್ದರು. ಆಮೇಲೆ 5 ರೂಪಾಯಿ ಚೀಟಿ ಹಚ್ಚಿ ಸಾದಾ ಅಂಚೆಯಲ್ಲೇ ಹಾಕಿದೆ, ಪತ್ರ ಹಾಕಿದ ಎಂಟು ಹತ್ತು ದಿನಗಳ ನಂತರ ಬೆಳಿಗ್ಗೆ ಪೇಪರ್ ಓದಿ ಮುಗಿಯುವ ಹೊತ್ತಿಗೆ ಫೋನ್ ಮಾಡಿದೆ. ನೂರರ ಹತ್ತಿರ ಹಾಳೆಗಳು ಹೋದವು. ಅರ್ಧಕ್ಕಿಂತ ಹೆಚ್ಚು ಜನ ಒಂದಿಲ್ಲೊಂದು ಬಗೆಯಲ್ಲಿ ಉತ್ತರಿಸಿದರು, ಮೂವತ್ತರ ಮೇಲೆ ಮೂರು ನಾಲ್ಕು ಸಂದರ್ಶನಗಳು ಪೂರ್ತಿಯಾದವು.

ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ನೋಡಿಕೊಳ್ಳುವ ವಿದೇಶದ ಎಥಿಕ್ಸ್ ಕಮಿಟಿ ಈ ಹಾಳೆಯನ್ನು ಕಂಡು ಹೌಹಾರಿತು. ಘಟನೆಗಳನ್ನು ನಾವೇ ಬರೆದುಕೊಟ್ಟರೆ ಭಾಗವಹಿಸುವವರ ನೆನಪನ್ನು ನಾವೇ ತಿದ್ದಿದಂತಾಗುವುದಿಲ್ಲವೇ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿತ್ತು. ಹಾಗಾಗಿ ಹಾಳೆಯಲ್ಲಿ ಯಾವ ನಾಯಕನ ಹೆಸರೂ ಇರಬಾರದು, ಯಾವ ಗುಣವಾಚಕವೂ ಇರಬಾರದು, ಸರಕಾರಿ ದಾಖಲೆಯಲ್ಲಿ ಇರುವ ತಾರೀಖು ಮತ್ತು ಸ್ಥಳ ಮಾತ್ರ ಇರಬೇಕು ಎಂದು ಒಪ್ಪಂದವಾಯಿತು. ಇದರಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಹಾಳೆಯಲ್ಲಿ ಹೆಸರಿಲ್ಲದ ಕಾರಣ ಯಾವ ನಾಯಕನ ಹೆಸರು ಅವರ ಬಾಯಲ್ಲಿ ಮೊದಲು ಬರುತ್ತದೆ ಎಂಬುದೇ ಒಂದು ದತ್ತಾಂಶವಾಯಿತು. 1974ರ ಹಾಳೆ ಹಿಡಿದ ಗೇಣಿದಾರ ಕುಟುಂಬದವರು ಅರಸು ಅವರ ಹೆಸರನ್ನು ಎರಡನೆಯ ವಾಕ್ಯದಲ್ಲೇ ಎತ್ತಿದರೆ, ಭೂಮಿ ಕಳೆದುಕೊಂಡ ಮನೆತನದವರು ಇಡೀ ಒಂದೂವರೆ ಗಂಟೆ ‘ಸರಕಾರ’ ಎಂದರೇ ಹೊರತು ಹೆಸರು ಹೇಳಲಿಲ್ಲ.

ಆ ಹಾಳೆಯಿಂದ ಸಿಕ್ಕವರಲ್ಲಿ ಭೂನ್ಯಾಯ ಮಂಡಳಿಯೊಂದರಲ್ಲಿ ಗುಮಾಸ್ತರಾಗಿದ್ದ ಹಿರಿಯರೊಬ್ಬರ ಮಾತನ್ನು ಹೇಳಲೇಬೇಕು. ಗೇಣಿ ಭೂಮಿಯನ್ನು ತಮ್ಮ ಹೆಸರಿಗೆ ಕೇಳುವ ನಮೂನೆ 7ರ ಅರ್ಜಿಗಳನ್ನು ಹೊಲಿದು ಕಡತ ಕಟ್ಟುವುದು ಅವರ ಕೆಲಸವಾಗಿತ್ತು. ಅರ್ಜಿಯಲ್ಲಿ ಗೇಣಿದಾರನ ಹೆಸರಿನ ಮುಂದೆ ಹೆಬ್ಬೆಟ್ಟಿದ್ದರೆ ಒಂದು ಬಗೆ, ಹೊಸದಾಗಿ ಕಲಿತ ಸಹಿ ಇದ್ದರೆ ಇನ್ನೊಂದು ಬಗೆ ಎಂದು ಅವರು ಹೇಳುತ್ತ ಹೋದರು. ಸಹಿ ಕಲಿತು ಬಂದವರು ಆದೇಶ ಓದುವಾಗ ನಿಂತೇ ಇರುತ್ತಿದ್ದರಂತೆ, ಹೆಬ್ಬೆಟ್ಟಿನವರು ಗೋಡೆಗೆ ಒರಗಿ ಕುಳಿತಿರುತ್ತಿದ್ದರಂತೆ, ತೀರ್ಪು ತಮ್ಮ ಪರ ಬಂದರೂ ಇನ್ನೊಬ್ಬರು ಹೇಳುವವರೆಗೆ ಏಳುತ್ತಿರಲಿಲ್ಲವಂತೆ. ಈ ಮನುಷ್ಯನ ಹೆಸರಿನಲ್ಲಿ ಒಂದೂ ಪ್ರಬಂಧವಿಲ್ಲ. ತಂಡದ ಮುಖ್ಯಸ್ಥೆ ಅವರ ಟ್ರಾನ್ಸ್‌ಕ್ರಿಪ್ಟನ್ನು (ಮಾತಿನ ಬರಹರೂಪವನ್ನು) ಎರಡು ಸಲ ಓದಿ, ಇಂಥವರು ಇನ್ನೂ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ, ಎಂದೆ.

ಮಹಿಳೆಯರ ಕೋಟಾ ಎಲ್ಲರಿಗೂ ತೊಡಕಾಗುವ ಜಾಗ. ಎಪ್ಪತ್ತು ಎಂಬತ್ತರ ದಶಕದ ಪತ್ರಕರ್ತೆಯರು, ಅಧಿಕಾರಿಣಿಯರು ಈ ಭಾಗದಲ್ಲಿ ಬೆರಳೆಣಿಕೆ. ನನಗೆ ದಾರಿ ತೋರಿದ್ದು 1987ರ ಹಾಳೆ. ಹೆಗಡೆ ಸರಕಾರದ ಕಾನೂನಿನಂತೆ ನಡೆದ ಆ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಆಗ ಮೂವತ್ತರ ಹರೆಯದಲ್ಲಿ ಮಂಡಲ ಪಂಚಾಯತಿ ಸೇರಿದವರು ಈಗ ಎಪ್ಪತ್ತರ ಗಡಿಯಲ್ಲಿದ್ದಾರೆ, ನೆನಪು ಚುರುಕಾಗಿದೆ, ಮತ್ತು ಇದುವರೆಗೆ ಯಾರೂ ಅವರನ್ನು ತಜ್ಞರೆಂದು ಕರೆದಿಲ್ಲ. ಗದಗ ಜಿಲ್ಲೆಯ ಒಬ್ಬ ಅಜ್ಜಿ ಹೆಗಡೆಯವರ ಬಗ್ಗೆ ಕೇಳಿದರೆ ನಜೀರ್ ಸಾಬ್ ಬಗ್ಗೆ ಹೇಳಿದರು. ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್‌ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರನ್ನು ಈ ಅಜ್ಜಿ ಕಂಡದ್ದೇ ಇಲ್ಲ. ಓಣಿಯ ಬೋರಿನ ಹಿಡಿಕೆಯನ್ನು ಮೊದಲ ಸಲ ಒತ್ತಿದಾಗ ಕೆಂಪು ನೀರು ಬಂದದ್ದು, ಅದು ತಿಳಿಯಾಗುವವರೆಗೆ ಹೆಂಗಸರೆಲ್ಲ ಪಾಳಿ ಹಚ್ಚಿ ಒತ್ತಿದ್ದು ಅವರಿಗೆ ನೆನಪಿದೆ. ಮುಖ್ಯಮಂತ್ರಿಯ ವರ್ಚಸ್ಸನ್ನು ಅವರ ಸಚಿವರೊಬ್ಬರ ಅಡ್ಡಹೆಸರು ಹೇಗೆ ಹೊತ್ತು ನಡೆಯುತ್ತದೆ ಎಂಬ ಇಡೀ ಅಧ್ಯಾಯ ಆ ಸಂದರ್ಶನದಿಂದ ಹುಟ್ಟಿತು ಎಂದು ತಂಡದವರೇ ಬರೆದರು.

ಸ್ನೋಬಾಲ್ ವಿಧಾನ ಧಾರವಾಡದಲ್ಲಿ ಮೂರನೆಯ ಹೆಸರಿಗೆ ನಿಂತುಬಿಡುತ್ತದೆ. ಒಬ್ಬ ಸಾಹಿತಿಯನ್ನು ಕೇಳಿದರೆ ಇನ್ನೊಬ್ಬ ಸಾಹಿತಿ, ಅವರನ್ನು ಕೇಳಿದರೆ ವಿದ್ಯಾವರ್ಧಕ ಸಂಘದ ಕಟ್ಟೆಯ ಮೂರನೆಯವರು, ಅವರನ್ನು ಕೇಳಿದರೆ ಮತ್ತೆ ಮೊದಲಿನವರು. ಜಾತಿಯ ಸುತ್ತು, ಪಕ್ಷದ ಸುತ್ತು, ಕಾಲೇಜಿನ ಸುತ್ತು ಎಲ್ಲವೂ ಇದರೊಳಗೇ ಇರುತ್ತವೆ. ನಾನು ಪ್ರಶ್ನೆಯನ್ನು ತಿರುಗಿಸಿದೆ. ಸಂದರ್ಶನದ ಕೊನೆಗೆ ‘ಇನ್ನಾರನ್ನು ಕಾಣಲಿ’ ಎನ್ನುವ ಬದಲು ‘ನೀವು ಹೇಳಿದ್ದನ್ನು ಒಪ್ಪದೆ ಜಗಳಕ್ಕೆ ಬೀಳುವವರು ಯಾರು’ ಎಂದು ಕೇಳಿದೆ. ಜನ ತಮ್ಮ ವಿರೋಧಿಗಳನ್ನು ಎಷ್ಟು ಚೆನ್ನಾಗಿ ಬಲ್ಲರು ಎಂಬುದು ಆಗ ಕಂಡಿತು. “ಅಂವಾ ಇದಕ್ಕೆಲ್ಲಾ ಉಲ್ಟಾ ಹೇಳ್ತಾನ್ರಿ, ಆದರ ಸುಳ್ಳ ಹೇಳಾವಲ್ಲ, ಅಂವನ್ನೂ ಕೇಳ್ರಿ” ಎಂದು ಹುಬ್ಬಳ್ಳಿಯ ಹಳೆಯ ವರದಿಗಾರರೊಬ್ಬರು ಕೊಟ್ಟ ಹೆಸರು ನನ್ನ ಪಟ್ಟಿಯ ಅತ್ಯುತ್ತಮ ಹೆಸರುಗಳಲ್ಲಿ ಒಂದು. ಜಾತಿಯನ್ನು ಸ್ಕ್ರೀನರಿನಲ್ಲಿ ಕೇಳದೆಯೇ ಕೋಟಾ ಸಮತೋಲನಕ್ಕೆ ಬಂದದ್ದು ಈ ಒಂದು ಪ್ರಶ್ನೆಯಿಂದ.

ಬಂದವರು ನಿಜಕ್ಕೂ ಅಲ್ಲಿದ್ದರೋ, ಕೇಳಿದ್ದನ್ನು ಹೇಳುತ್ತಿದ್ದಾರೋ ಎಂದು ಪರೀಕ್ಷಿಸಲು ನನ್ನ ಬಳಿ ಕೆಲವು ಪ್ರಶ್ನೆಗಳಿವೆ, ಒಂದನ್ನು ಹೇಳುತ್ತೇನೆ. ವರದಿಗಾರರಾಗಿದ್ದವರನ್ನು ‘ಆ ದಿನ ಏನು ಬರೆದಿರಿ’ ಎಂದು ಕೇಳುವುದಿಲ್ಲ, ‘ಬರೆದದ್ದು ಪತ್ರಿಕೆಗೆ ಹೇಗೆ ತಲುಪಿತು’ ಎಂದು ಕೇಳುತ್ತೇನೆ. ನಿಜವಾಗಿ ಬರೆದವನು ಹುಬ್ಬಳ್ಳಿಗೆ ಹೋಗುವ ಕೊನೆಯ ಬಸ್ಸಿನ ಕಂಡಕ್ಟರನ ಕೈಗೆ ಲಕೋಟೆ ಕೊಟ್ಟದ್ದು, ಟ್ರಂಕ್ ಕಾಲ್ ಸಿಗದೆ ಅಂಚೆ ಕಚೇರಿಯಲ್ಲಿ ಕಾದದ್ದು, ಸುದ್ದಿ ಎರಡು ದಿನ ತಡವಾಗಿ ಬಂದು ಬೈಸಿಕೊಂಡದ್ದು ಎಲ್ಲವನ್ನೂ ಹೇಳುತ್ತಾನೆ. ಇಲ್ಲದವನು ಪ್ರಜಾಪ್ರಭುತ್ವದ ಬಗ್ಗೆ ಹೇಳುತ್ತಾನೆ.

ಒಪ್ಪಿಗೆ ಪತ್ರದಲ್ಲಿ ಸಿಕ್ಕಿಕೊಂಡವರು ಬಹಳ ಜನ ಇರಬಹುದು. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಐರೋಪ್ಯ ದತ್ತಾಂಶ ರಕ್ಷಣಾ ನಿಯಮದಲ್ಲಿ ರಾಜಕೀಯ ಅಭಿಪ್ರಾಯವು ವಿಶೇಷ ವರ್ಗದ ಮಾಹಿತಿ, ಅದಕ್ಕೆ ಸಾಮಾನ್ಯವಾಗಿ ಸ್ಪಷ್ಟ ಒಪ್ಪಿಗೆ ಕೇಳುತ್ತಾರೆ. ತಂಡದ ವಕೀಲರು ಆರು ಪುಟದ ಇಂಗ್ಲಿಷ್ ಪತ್ರ ಕಳುಹಿಸಿದರು, ಪ್ರತಿ ಪುಟಕ್ಕೂ ಸಹಿ. ಸಹಿ ಎಂದ ಕೂಡಲೇ ನಮ್ಮವರು ಹಿಂದೆ ಸರಿಯುತ್ತಿದ್ದರು. ಮಾತಾಡಲು ಹೆದರದವರು ಕಾಗದಕ್ಕೆ ಹೆದರುತ್ತಾರೆ. ಸ್ಪಷ್ಟ ಒಪ್ಪಿಗೆ ಎಂದರೆ ಸಹಿಯೇ ಆಗಬೇಕೆಂದಿಲ್ಲ ಎಂಬುದನ್ನು ನಾನು ಪಟ್ಟು ಹಿಡಿದು ವಾದಿಸಿ, ಒಂದೂವರೆ ಪುಟದ ಕನ್ನಡ ಪಠ್ಯವನ್ನು ಓದಿ ಹೇಳಿ ಧ್ವನಿಮುದ್ರಣದಲ್ಲೇ ಒಪ್ಪಿಗೆ ಪಡೆಯುವ ವ್ಯವಸ್ಥೆ ಮಾಡಿಸಿದೆ. ಎರಡು ವಾರದೊಳಗೆ ಮಾತನ್ನು ಪೂರ್ತಿ ಹಿಂಪಡೆಯಬಹುದು ಎಂಬ ಸಾಲನ್ನು ಎಲ್ಲಕ್ಕಿಂತ ಮೊದಲು ಓದುತ್ತಿದ್ದೆ. ಹಿಂಪಡೆದವರು ಒಬ್ಬರೋ ಇಬ್ಬರೋ.

ಗೌರವಧನ ತಲೆಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಎಂದು ನಿಗದಿಯಾಗಿತ್ತು. ಇಲ್ಲಿ ಎಚ್ಚರ ಬೇಕು. 2010ರ ವಿದೇಶಿ ವಂತಿಗೆ ಕಾಯಿದೆಯ 3ನೆಯ ಕಲಮು ವಂತಿಗೆ ಪಡೆಯಬಾರದವರ ಪಟ್ಟಿಯಲ್ಲಿ ಸರಕಾರಿ ನೌಕರರು, ಶಾಸಕರು, ಪಕ್ಷದ ಪದಾಧಿಕಾರಿಗಳ ಜೊತೆಗೆ ಪತ್ರಿಕಾ ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರನ್ನೂ ಸೇರಿಸಿದೆ. ದುಡಿಮೆಗೆ ಸಂದ ಸಂಭಾವನೆ ವಂತಿಗೆಯಲ್ಲ ಎಂಬ ವಿನಾಯಿತಿ ಅದೇ ಕಾಯಿದೆಯಲ್ಲಿದ್ದರೂ, ಆ ವ್ಯತ್ಯಾಸವನ್ನು ಪತ್ರಕರ್ತನ ಮನೆಯ ಪಡಸಾಲೆಯಲ್ಲಿ ಕುಳಿತು ವಿವರಿಸುವ ಸ್ಥಿತಿ ಬರಬಾರದು. ವಿದೇಶದ ಖಾತೆಯಿಂದ ನೇರವಾಗಿ ಯಾರಿಗೂ ಒಂದು ರೂಪಾಯಿ ಹೋಗಕೂಡದು ಎಂದು ಷರತ್ತು ಹಾಕಿದೆ. ನನ್ನ ಸೇವಾ ಶುಲ್ಕ ಬಿಲ್ಲಿನ ಮೇಲೆ ನನ್ನ ಸಂಸ್ಥೆಗೆ ಬರುತ್ತದೆ, ಅಲ್ಲಿಂದ ರೂಪಾಯಿಯಲ್ಲಿ, ರಸೀದಿಯೊಂದಿಗೆ ಪಾವತಿಯಾಗುತ್ತದೆ. ಸೇವೆಯಲ್ಲಿರುವ ಪತ್ರಕರ್ತರಿಗೆ ಹಣ ಕೊಡಲೇ ಇಲ್ಲ. ಈ ಏರ್ಪಾಡನ್ನು ನನ್ನ ಲೆಕ್ಕಪರಿಶೋಧಕರು ಕಾಗದದ ಮೇಲೆ ಬರೆದುಕೊಟ್ಟ ನಂತರವೇ ಕೆಲಸಕ್ಕೆ ಇಳಿದೆ, ಉಳಿದವರೂ ತಮ್ಮವರನ್ನು ಕೇಳಿಯೇ ಇಳಿಯಲಿ.

ಆದರೂ ಮೂರರಲ್ಲಿ ಒಬ್ಬರು ಹಣ ಬೇಡವೆಂದರು. “ರೊಕ್ಕ ಬ್ಯಾಡ್ರಿ, ರೊಕ್ಕ ತಗೊಂಡ್ರ ನನ್ನ ಮಾತಿಗೆ ಕಿಮ್ಮತ್ತ ಉಳಿಯೂದಿಲ್ಲ” ಎಂಬ ಮಾತನ್ನು ಬೇರೆಬೇರೆ ಬಾಯಲ್ಲಿ ಕೇಳಿದ್ದೇನೆ. ಅಂಥವರಿಗೆ ಅವರ ಟ್ರಾನ್ಸ್‌ಕ್ರಿಪ್ಟನ್ನು ಅಚ್ಚು ಹಾಕಿಸಿ, ಗಟ್ಟಿ ರಟ್ಟು ಕಟ್ಟಿಸಿ ಒಂದು ಪ್ರತಿ ಕೊಟ್ಟೆ. ಒಂದಕ್ಕೆ ಇನ್ನೂರು ಮುನ್ನೂರು ರೂಪಾಯಿ ಬಿದ್ದಿರಬಹುದು. ಎರಡನೆಯ ಸುತ್ತಿಗೆ ಅವರೇ ತಾವಾಗಿ ಫೋನ್ ಮಾಡಿದರು.

ಕೈಯಾಡಿಸಿ ನೋಡಿದ ಬೇರೆ ಪ್ರಯೋಗಗಳೂ ಇವೆ. ಸ್ಥಳೀಯ ದಿನಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಕೊಟ್ಟಾಗ ಬಂದ ಕರೆಗಳಲ್ಲಿ ಹೆಚ್ಚಿನವು ಕೆಲಸ ಖಾಲಿ ಇದೆಯೇ ಎಂದು ಕೇಳುವವರದು. ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿದ್ದು ಅರವತ್ತರ ಒಳಗಿನವರಿಗೆ ಮಾತ್ರ ಹಿಡಿಸಿತು. ಹಳೆಯ ಚುನಾವಣಾ ಸಭೆಗಳ ಫೋಟೊ ತೋರಿಸಿ ಮಾತಾಡಿಸಿದರೆ ಎಲ್ಲರೂ ಫೋಟೊದಲ್ಲಿರುವ ಪರಿಚಿತರನ್ನು ಹುಡುಕುವುದರಲ್ಲೇ ಅರ್ಧ ಗಂಟೆ ಕಳೆದರು, ನಾಯಕನನ್ನು ಯಾರೂ ನೋಡಲಿಲ್ಲ. ಇದರ ಮೇಲೇ ಬೇರೆ ಅಧ್ಯಯನ ಮಾಡಬಹುದೆನಿಸಿದೆ, ಹಣ ಹಾಕುವವರು ಬೇಕು.

ಇವುಗಳಲ್ಲಿ ಫಲ ಕೊಟ್ಟದ್ದು ಹೊರದೇಶದವರ ಮೇಲೆ ಮಾಡಿದ ಪ್ರಯೋಗ. ಇಂದಿರಾ ಅವರಿಗೆ ಹೊರದೇಶಗಳಲ್ಲಿದ್ದ ಹೆಸರಿನ ಬಗ್ಗೆ ಮಾತಾಡಲು ತುರ್ತುಪರಿಸ್ಥಿತಿಯ ಕಾಲದಲ್ಲಿ ದೆಹಲಿಯಲ್ಲಿದ್ದ ವಿದೇಶಿ ವರದಿಗಾರರು ತಂಡಕ್ಕೆ ಬೇಕಿದ್ದರು. ಸೆನ್ಸಾರ್ ಷರತ್ತಿಗೆ ಒಪ್ಪದ್ದಕ್ಕೆ ಅವರಲ್ಲಿ ಕೆಲವರನ್ನು ದೇಶದಿಂದ ಹೊರಹಾಕಲಾಗಿತ್ತು, ಬದುಕಿರುವವರು ಈಗ ತೀರ ವೃದ್ಧರು. ಲಂಡನ್ನಿನ ಸಂಶೋಧಕರು ಬರೆದ ವಿನಂತಿಗಳಿಗೆ ಉತ್ತರ ಬಂದಿರಲಿಲ್ಲ. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗಿನ ಖಾಲಿ ಸಾಲುಗಳ ಹಾಳೆಯನ್ನು ಇಂಗ್ಲಿಷಿನಲ್ಲಿ ಮಾಡಿ ಧಾರವಾಡದಿಂದ ಇ-ಮೇಲ್ ಹಾಕಿದೆ. ಮೂರು ಉತ್ತರಗಳು ವಾರದೊಳಗೆ ಬಂದವು, ಒಂದರಲ್ಲಿ ಖಾಲಿ ಸಾಲುಗಳೆಲ್ಲ ತುಂಬಿ ಅಂಚಿನಲ್ಲೂ ಬರೆದಿತ್ತು. ಇದು ನಮ್ಮ ಊರಿನವರ ಚಾಳಿ ಎಂದುಕೊಂಡಿದ್ದೆ, ಅಲ್ಲಿಯವರೂ ಬೇರೆಯಲ್ಲ.

ಎಷ್ಟು ಜನ ಸಾಕು ಎಂಬ ಚರ್ಚೆಯಲ್ಲಿ ತಂಡದ ಕಿರಿಯರು ಹನ್ನೆರಡು ಸಂದರ್ಶನಕ್ಕೆ ಹೊಸ ಅಂಶ ಬರುವುದು ನಿಲ್ಲುತ್ತದೆ ಎಂದು 2006ರ ಪ್ರಸಿದ್ಧ ಪ್ರಬಂಧವನ್ನು ಮುಂದಿಟ್ಟರು. ಅದು ಘಾನಾ ಮತ್ತು ನೈಜೀರಿಯಾದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಮಹಿಳೆಯರನ್ನು ಮಾತಾಡಿಸಿ ಕಂಡುಕೊಂಡ ಸಂಖ್ಯೆ. ಮಂಡಳಿಯ ಗುಮಾಸ್ತ, ಜಮೀನು ಕಳೆದುಕೊಂಡವನು, ಮಂಡಲ ಪಂಚಾಯತಿಯ ಅಜ್ಜಿ ಒಂದೇ ಬಗೆಯವರಲ್ಲ. ನನಗೆ ಇಪ್ಪತ್ತೈದರ ನಂತರವೂ ಹೊಸದು ಬರುತ್ತಲೇ ಇತ್ತು. ಸಂಖ್ಯೆ ಕಡಿಮೆಯಾದರೆ ನನ್ನ ಬಿಲ್ಲೂ ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದರೆ ವಾದ ಸರಿಯಿತ್ತು.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ವೆಂಡರ್ ದಾರಿಯಲ್ಲಿ ಉಪಯೋಗಕ್ಕೆ ಬಂದ ಪ್ರತಿ ಸಂದರ್ಶನಕ್ಕೆ ಮೂವತ್ತು ಸಾವಿರದ ಹತ್ತಿರ ಬಿದ್ದಿತ್ತು. ನನ್ನ ದಾರಿಯಲ್ಲಿ ಅಂಚೆ, ಅಚ್ಚು, ಗೌರವಧನ, ಗದಗಕ್ಕೆ ರೈಲು, ಹಾವೇರಿಗೆ ಬಸ್ಸು, ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು, ಎಲ್ಲ ಸೇರಿ ಏಳು ಎಂಟು ಸಾವಿರ, ನನ್ನ ಶುಲ್ಕ ಬೇರೆ. ಹೊರದೇಶದ ಹಣ ಬಿಲ್ಲು ಕೊಟ್ಟ ಮೇಲೆ ಮೂರು ತಿಂಗಳಿಗೆ ಬರುತ್ತದೆ, ನಡುವೆ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುತ್ತದೆ, ಅಷ್ಟರಲ್ಲಿ ಡಾಲರ್ ದರವೂ ಬದಲಾಗಿರುತ್ತದೆ. ಮೊದಲ ಸುತ್ತಿನ ಗೌರವಧನವನ್ನೆಲ್ಲ ಕೈಯಿಂದ ಹಾಕಿ ನಾಲ್ಕು ತಿಂಗಳು ಕಾದೆ. ಎರಡನೆಯ ಸುತ್ತಿನ ಒಪ್ಪಂದದಲ್ಲಿ ಶೇಕಡಾ 40 ಮುಂಗಡ, ಅರ್ಧ ಸಂದರ್ಶನ ಮುಗಿದಾಗ ಶೇಕಡಾ 40, ಉಳಿದದ್ದು ಕೊನೆಯ ಟ್ರಾನ್ಸ್‌ಕ್ರಿಪ್ಟಿಗೆ, ಮತ್ತು ಯಾವ ಚುನಾವಣೆ ಘೋಷಣೆಯಾದರೂ ಅವಧಿ ಅಷ್ಟು ದಿನ ತಾನಾಗಿಯೇ ಮುಂದಕ್ಕೆ ಹೋಗಬೇಕು ಎಂದು ಬರೆಸಿದ್ದೇನೆ. ಮುಂಗಡ ಕಳೆದ ವಾರ ಬಂತು, ವಿಜಯಪುರ ಮತ್ತು ಬಾಗಲಕೋಟೆಯ ಹಾಳೆಗಳು ಈಗ ಅಚ್ಚಿನಲ್ಲಿವೆ.